ಮಡಿಯಿಂದ ತಯಾರಿಸಿದ್ದು

ನನ್ನ ನಾದಿನಿ ಕಮಲಾಪುರದ ಮನೆಯಲ್ಲಿ ಮುಖಕ್ಕೆ ಹಚ್ಚುವ ಪುಡಿ ಮಾಡಿ, ಡಬ್ಬಿಗೆ ತುಂಬಿ ನಮ್ಮೂರು ಕಲಬುರಗಿಯಲ್ಲಿ ಮಾರುತ್ತಾಳೆ. ಡಬ್ಬಿಯ ಚೀಟಿಯ ಮೇಲೆ ಎಲೆ, ಹೂವು, ದೀಪ ಎಲ್ಲ ಇವೆ. ಒಳಗೇನಿದೆ ಎಂಬುದಿಲ್ಲ, ತಯಾರಿಸಿದ ತಾರೀಖಿಲ್ಲ, ಲೈಸನ್ಸ್ ನಂಬರಂತೂ ಕೇಳಲೇಬೇಡಿ. ಅವೆಲ್ಲ ಇರಬೇಕಾದ ಜಾಗದಲ್ಲಿ ದಪ್ಪಕ್ಷರದ ಒಂದೇ ಸಾಲು: 'ಮಡಿಯಿಂದ ತಯಾರಿಸಿದ್ದು.'

"ಏನೇನು ಹಾಕೀದಿ ಅಂತ ಬರಿಯವ್ವ, ಕಾನೂನು ಅದ," ಎಂದು ಒಮ್ಮೆ ಹೇಳಿದ್ದೆ.

"ಜಳಕಾ ಮಾಡಿ, ಮಡಿ ಉಟ್ಕೊಂಡು ಕುಟ್ತೀನ್ರಿ ವೈನಿ. ಇನ್ನೇನು ಲೈಸನ್ಸ್ ಬೇಕು?"

ಒದ್ದೆ ಸೀರೆ ಉಟ್ಟರೆ ಸರಕಾರವೇ ಅಡುಗೆಮನೆಗೆ ಬಂದು ಮೊಹರು ಒತ್ತಿ ಹೋಗುತ್ತದೆಂದು ಇವಳ ತಿಳುವಳಿಕೆ. ಥೂ, ಇಂಥವಳ ಜೊತೆ ಏನು ವಾದ ಮಾಡುವುದು!

ಹೋದ ಬೇಸಿಗೆಯಲ್ಲಿ ನನ್ನ ಮಗಳಿಗೊಂದು ಡಬ್ಬಿ ಪುಕ್ಕಟೆ ಕೊಟ್ಟಳು. ಹುಡುಗಿ ಅದನ್ನು ಹಚ್ಚಿ, ತೊಳೆದುಕೊಂಡು, ಅವತ್ತು ಮುಖಕ್ಕೆ ಓಢಣಿಯನ್ನೂ ಕಟ್ಟದೆ ಬಿಸಿಲಲ್ಲೇ ಸ್ಕೂಟಿ ಹತ್ತಿ ಕುಸನೂರಿನ ಕಡೆ ಕ್ಲಾಸಿಗೆ ಹೋದಳು. ಮರುದಿನ ಕೆನ್ನೆ ಕೆಂಪಾಗಿ ಉರಿಯತೊಡಗಿತು, ಆಮೇಲೆ ಗುಳ್ಳೆ ಎದ್ದವು.

ಚರ್ಮದ ಡಾಕ್ಟರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಏನದ್ರಿ?" ಎಂದರು. ಅಲ್ಲಿಂದಲೇ ನಾದಿನಿಗೆ ಫೋನು ಮಾಡಿದೆ.

"ಅದು ನಮ್ಮ ಗುಟ್ಟರಿ ವೈನಿ, ಹೆಂಗ ಹೇಳ್ಲಿ?"

"ಹುಡುಗಿ ಮಾರಿ ಸುಡ್ಲಿಕತ್ತದ, ಬೊಗಳು!"

ಆಗ ಬಾಯಿಬಿಟ್ಟಳು. ಕಲೆ ಹೋಗಲೆಂದು ಬಾವಂಚಿ ಬೀಜ ಕುಟ್ಟಿ ಹಾಕಿದ್ದಳಂತೆ. ಡಾಕ್ಟರು ಹಣೆ ಚಚ್ಚಿಕೊಂಡರು. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ ಎಂದರು. ಚೀಟಿಯಲ್ಲಿ ಆ ಒಂದು ಮಾತಿದ್ದಿದ್ದರೆ ಮಗಳು ಅದನ್ನು ಮುಟ್ಟುತ್ತಲೇ ಇರಲಿಲ್ಲ.

ನಾದಿನಿ ಮಾತಾಡಿಸಲು ಬಂದವಳು ಏನೆಂದಳು ಗೊತ್ತೇ? "ಪುಡೀದೇನೂ ತಪ್ಪಿಲ್ರಿ, ನಿಮ್ಮೂರಿನ ಬಿಸಿಲೇ ಕೆಟ್ಟದ್ದು." ಕಮಲಾಪುರದಲ್ಲೇನು ಹಗಲೆಲ್ಲ ಬೆಳದಿಂಗಳು ಸುರಿಯುತ್ತದೆಯೇ? ನಾಚಿಕೆಗೆಟ್ಟವಳು. ಚಹಾ ಕುಡಿದು, ಬೇರೆ ಗಿರಾಕಿಗಳಿಗೆ ಡಬ್ಬಿ ಕೊಡಬೇಕೆಂದು ಎದ್ದು ಹೋದಳು.

ಗುಳ್ಳೆ ಒಣಗಿ ಎಡಗೆನ್ನೆಯಲ್ಲಿ ಕಪ್ಪು ಕಲೆ ಉಳಿದಿದೆ. ಇಲ್ಲಿನ ಹುಡುಗಿಯರೆಲ್ಲ ಬಿಸಿಲಿಗೆ ಮುಖಕ್ಕೆ ಓಢಣಿ ಕಟ್ಟುತ್ತಾರೆ, ನೆರಳಿಗೆ ಬಂದು ಬಿಚ್ಚುತ್ತಾರೆ. ನನ್ನ ಮಗಳು ಈಗ ಕ್ಲಾಸಿನೊಳಗೂ ಬಿಚ್ಚುವುದಿಲ್ಲ.

ಮೊನ್ನೆ ನಾದಿನಿ ಹೊಸ ಡಬ್ಬಿಯೊಂದನ್ನು ಕಳಿಸಿದ್ದಾಳೆ, 'ಕಲೆ ನಿವಾರಕ ಲೇಪ'. ಮಗಳು ಕನ್ನಡಿಯ ಮುಂದೆ ನಿಂತಲ್ಲಿಂದಲೇ ಕೇಳಿದಳು.

"ಒಳಗ ಏನದ ಅಂತ ಬರ್ದಾರೇನವ್ವ?"

ಡಬ್ಬಿ ತಿರುಗಿಸಿ ನೋಡಿದೆ.

"ಹೂಂ, ಬರ್ದಾಳ. ಮಡಿ ಅದ."