ತೊಳೆದರೆ ಹೋಗುವ ತಾಮ್ರ

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಹೊಸದುರ್ಗದ ನಮ್ಮ ಪಾತ್ರೆ ಅಂಗಡಿಯ ತಾಮ್ರವನ್ನೆಲ್ಲ ಬೆಳಗುತ್ತಿದ್ದವಳೂ ನಾನೇ. ಹುಣಸೆಹಣ್ಣು, ಉಪ್ಪು, ಬೂದಿ ಇದ್ದರೆ ಸಾಕು, ತಾಮ್ರದ ವಿಷಯದಲ್ಲಿ ತಿಳಿಯಬೇಕಾದದ್ದು ಇನ್ನೇನೂ ಇಲ್ಲ ಎಂದು ನಂಬಿದ್ದೆ. ಏನೂ ತಿಳಿಯದವರಿಗೆ ಮಾತ್ರ ಬರುವ ಸೊಕ್ಕು ಅದು.

ಎಸ್ಸೆಸ್ಸೆಲ್ಸಿ ಮುಗಿಸಿದ್ದ ತಂಗಿ ಹಿತ್ತಲಿನಲ್ಲಿ ಉಪ್ಪಿನಕಾಯಿಯ ಗಾಜಿನ ಜಾಡಿಗೆ ಮೈಲುತುತ್ತದ ನೀಲಿ ನೀರು ತುಂಬಿದಳು. ಒಂದು ಕಡೆ ಒಡೆದ ಹಂಡೆಯ ಚೂರು, ಇನ್ನೊಂದು ಕಡೆ ತೆಳುವಾದ ತಾಮ್ರದ ತಗಡು. ಎರಡಕ್ಕೂ ಲಾರಿಯ ಹಳೇ ಬ್ಯಾಟರಿಯಿಂದ ತಂತಿ. ಕರೆಂಟು ಹರಿದರೆ ಹಂಡೆಯ ಚೂರು ಕರಗಿ, ಅದರ ಶುದ್ಧ ತಾಮ್ರವಷ್ಟೇ ತಗಡಿಗೆ ಹೋಗಿ ಕೂರುತ್ತದೆ, ಕಲ್ಮಶ ತಳಕ್ಕಿಳಿಯುತ್ತದೆ ಎಂದಳು.

“ತಾಮ್ರಕ್ಕೆ ಸ್ನಾನ ಮಾಡಿಸ್ತಾಳಂತೆ ನೋಡಪ್ಪಾ! ಸೀಗೇಪುಡಿ ಕೊಡ್ಲೇನೇ?” ಎಂದೆ ನಾನು.

ತಗಡನ್ನು ಇಳಿಬಿಡುವ ಮೊದಲೇ ಅಪ್ಪ ಅದನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು, ಅಷ್ಟೇ ತೂಗುವ ಕಲ್ಲೊಂದನ್ನು ಎತ್ತಿಟ್ಟಿದ್ದ. “ಈ ಕಲ್ಲಿಗಿಂತ ತಗಡು ಭಾರ ಆದ್ರೆ ನೀನು ದುರ್ಗದ ಕಾಲೇಜಿಗೆ. ಆಗ್ಲಿಲ್ಲಾಂದ್ರೆ ನಿಮ್ಮಕ್ಕನ ಜೊತೆ ಪಾತ್ರೆ ತಿಕ್ಕು,” ಎಂದಿದ್ದ.

ಕೆಲವು ದಿನಗಳ ಮೇಲೆ ತಗಡು ಹೊರಬಂತು. ಮೈತುಂಬ ಮಂಕಾದ, ಒರಟಾದ ಕೆಂಪು. ತಂಗಿ ಅದನ್ನು ಒಣಗಲಿಟ್ಟು ಅಪ್ಪನನ್ನು ಕರೆಯಲು ಅಂಗಡಿಗೆ ಹೋದಳು. ಶುದ್ಧವಂತೆ! ಗಿರಾಕಿ ಮೂಸಿಯೂ ನೋಡದ ಬಣ್ಣ. ಹುಣಸೆಹಣ್ಣು ಹಿಡಿದು ತಿಕ್ಕಿದೆ. ಕೊಳೆಯೆಂದೇ ಶುರುಮಾಡಿದ್ದು, ಅದು ನಿಜ. ಆದರೆ ಸ್ವಲ್ಪ ಉಜ್ಜುವಷ್ಟರಲ್ಲಿ ಕೆಂಪು ತರಿತರಿಯಾಗಿ ಅಂಗೈಗೆ ಬಂತು. ಹುಟ್ಟಿದಾಗಿನಿಂದ ತಾಮ್ರ ಮುಟ್ಟಿದ ಕೈಗೆ ಅದು ತಾಮ್ರವೆಂದು ಗೊತ್ತಾಗದೆ ಇರಲಿಲ್ಲ. ಆಮೇಲೆ ಬೂದಿ ಹಾಕಿ ಇನ್ನೂ ಜೋರಾಗಿ ತಿಕ್ಕಿದೆ. ಅವಳು ಕಾಲೇಜಿಗೆ ಹೋಗುವುದು ನನಗೆ ಬೇಕಿರಲಿಲ್ಲ.

ತಕ್ಕಡಿ ಸಮನಾಗಿ ನಿಂತಿತು.

“ಯಾರು ಇದನ್ನ ತಿಕ್ಕಿದ್ದು?” ಎಂದಳು ತಂಗಿ.

“ನಾನೇ ಕಣೇ. ಗಲೀಜಾಗಿತ್ತು, ತೊಳೆದೆ.”

“ಅಪ್ಪಾ, ಅಕ್ಕ ತೊಳೆದಿದ್ದೇ ತಾಮ್ರ! ಬೇಕಾದ್ರೆ ಆ ಹಂಡೆ ಚೂರು ನೋಡು, ಹೆಂಗೆ ಸವೆದೈತೆ.”

“ನನ್ನ ತಾಮ್ರ ಸವೆಸಿದ್ದೂ ಅಲ್ದೆ ಮಾತು ಬ್ಯಾರೆ. ತೊಳೆದ್ರೆ ಹೋಗೋದು ಯಾವ ತಾಮ್ರನೇ?” ಅಪ್ಪ ನಕ್ಕ.

ತಂಗಿ ನನ್ನನ್ನೇ ನೋಡಿದಳು. ಬಚ್ಚಲ ಮೋರಿಯಲ್ಲಿ ಆ ಕೆಂಪು ಇನ್ನೂ ಮಿನುಗುತ್ತಿತ್ತು; ಕೈ ಮಾಡಿ ತೋರಿಸಿದ್ದರೆ ಸಾಕಿತ್ತು. ನಾನೂ ನಕ್ಕೆ.

ಅವಳನ್ನು ಶ್ರೀರಾಂಪುರಕ್ಕೆ ಕೊಟ್ಟರು. ಈಗಲೂ ಹೋದರೆ ಚೆನ್ನಾಗಿಯೇ ಮಾತಾಡಿಸುತ್ತಾಳೆ. ಅವಳ ಮನೆಯ ತಾಮ್ರದ ಹಂಡೆ ಮಾತ್ರ ಸದಾ ಕಪ್ಪಿಟ್ಟಿರುತ್ತದೆ. ಹೋದ ಸಲ ಹುಣಸೆಹಣ್ಣು ಹಿಡಿದು ಅದರ ಮುಂದೆ ಕೂತೆ.

“ಬಿಡಕ್ಕ, ಅದು ಹಂಗೇ ಇರ್ಲಿ,” ಎಂದು ಕೈಯಿಂದ ಕಿತ್ತುಕೊಂಡಳು.

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟೇ: “ಎಷ್ಟು ಕೊಳಕಾಗೈತಲ್ಲೇ.”