ಹೊಲಿಗೆ ಮೆಷಿನ್ನಿನ ಮೇಲಿನ ಆಫೀಸು

ಗುಜರಿ ಕೊಳ್ಳುವ ಕಬಾಡಿ ಭಯ್ಯಾ ಮೇಲಿನ ಹಲಗೆ ಸರಿಸಿ, ಒಳಗೆ ಮಡಚಿಟ್ಟಿದ್ದ ಹೊಲಿಗೆ ಮೆಷಿನ್ನಿನ ತಲೆಯನ್ನು ಎಳೆದು ನಿಲ್ಲಿಸಿ, ಚಕ್ರವನ್ನು ಒಂದು ಸುತ್ತು ತಿರುಗಿಸಿದ. ಹಳೆಯ ಎಣ್ಣೆಯ ವಾಸನೆ ಬಾಲ್ಕನಿಯೆಲ್ಲ ಹರಡಿತು. "ಆಂಟೀಜಿ, ಲೋಹಾ ಅಚ್ಛಾ ಹೈ," ಎಂದು ಕಬ್ಬಿಣವನ್ನು ಮೆಚ್ಚಿ ಹಗ್ಗ ಬಿಚ್ಚತೊಡಗಿದ.

ಅವನನ್ನು ಕರೆಸಿದವಳು ನನ್ನ ಮಗಳು. ಅವಳಿಗೆ ಗುಡಗಾಂವಿನ ಒಂದು ಆಫೀಸಿನಲ್ಲಿ ಕೆಲಸ. ಹೆಚ್ಚಿನ ದಿನ ಪೀತಮ್‌ಪುರದ ನಮ್ಮ ಮನೆಯಿಂದಲೇ ಮಾಡುತ್ತಾಳೆ. ಚಕ್ರದ ಕುರ್ಚಿ ಬಂದಾಗಿದೆ, ಗುಂಡಿ ಒತ್ತಿದರೆ ಏರುವ ಇಳಿಯುವ ಮೇಜು ಬರಲಿಕ್ಕಿದೆ, ಅದಕ್ಕೆ ಜಾಗ ಬೇಕು. ಕೋಣೆಯ ಕಪಾಟು ಬಾಲ್ಕನಿಗೆ ಬರಬೇಕು, ಬಾಲ್ಕನಿಯ ಮೆಷಿನ್ನು ಹೋಗಬೇಕು. "ಅಮ್ಮಾ, ಇದನ್ನ ಕೊಟ್ಬಿಡು ನಾ. ಕೋಯಿ ಯೂಸ್ ಹೀ ನಹೀ ಕರ್ತಾ," ಎಂದಿದ್ದಳು, ಯಾರೂ ಬಳಸುವುದೇ ಇಲ್ಲವಂತೆ. ಈಗ ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿದ್ದಾಳೆ. ಇತ್ತ ನಮ್ಮ ಯಜಮಾನರು ಚಪ್ಪಲಿ ಕಳಚಿ ತುದಿಗಾಲಿನಲ್ಲಿ ಓಡಾಡುತ್ತಿದ್ದಾರೆ. ಕುಕ್ಕರು ಬುಸ್ ಎಂದರೆ ಸಾಕು, ಓಡಿಹೋಗಿ ಗ್ಯಾಸ್ ಆರಿಸುತ್ತಾರೆ. ಕಬಾಡಿಯವನಿಗೂ ಬೆರಳು ತುಟಿಗಿಟ್ಟು ತೋರಿಸಿದರು: "ಶ್! ಬಿಟಿಯಾ ಕಾಮ್ ಕರ್ ರಹೀ ಹೈ." ಮಗಳು ಕೆಲಸದಲ್ಲಿದ್ದಾಳಂತೆ!

ನನಗೆ ಮೈ ಉರಿದದ್ದು ಅಲ್ಲಿ ನೋಡಿ. ಮಗಳ ಮೇಲಲ್ಲ, ಅವಳಿಗೆ ನೂರು ಕಾಲ ಬಾಗಿಲು ಹಾಕಿಕೊಳ್ಳುವ ಭಾಗ್ಯವಿರಲಿ. ಆದರೆ ಈ ತುದಿಗಾಲು ಇಷ್ಟು ವರ್ಷ ಎಲ್ಲಿತ್ತು?

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ಯಜಮಾನರು ತಮ್ಮನ ಜೊತೆ ಸೇರಿ ಒಂದು ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ಅತ್ತೆ ಕುಂದಾಪುರದಿಂದ ಬಂದು ನಮ್ಮ ಜೊತೆಗಿದ್ದರು. ನನಗೆ ನೊಯ್ಡಾದ ಒಂದು ಕಚೇರಿಯಿಂದ ಅನುವಾದದ ಕೆಲಸ ಸಿಕ್ಕಿತು. ಇಂಗ್ಲಿಷಿನಲ್ಲಿದ್ದ ಮಿಕ್ಸಿ, ಗೀಸರು, ಇಸ್ತ್ರಿಪೆಟ್ಟಿಗೆಗಳ ಬಳಕೆಯ ಕ್ರಮವನ್ನು ಕನ್ನಡಕ್ಕೆ ತರಬೇಕು. ಘನ ಸಾಹಿತ್ಯವೇನಲ್ಲ, ಒಪ್ಪುತ್ತೇನೆ. ಆದರೂ ಕರ್ನಾಟಕದಲ್ಲಿ ಯಾರದೋ ಕೈಗೆ ಗೀಸರಿನಿಂದ ಶಾಕ್ ಹೊಡೆಯದೆ ಇದ್ದರೆ ಅದರಲ್ಲಿ ನನ್ನದೂ ಒಂದು ಪಾಲಿದೆ ಎಂದು ನಾನು ಬೀಗುತ್ತಿದ್ದೆ.

ಕೆಲಸ ಬಂತು, ಕೂರಲು ಜಾಗ ಬರಲಿಲ್ಲ. ಮೊದಲು ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟೆ. ತಿಂಡಿಗೆ ಎಬ್ಬಿಸಿದರು, ಊಟಕ್ಕೆ ಎಬ್ಬಿಸಿದರು, ಬಟಾಣಿ ಸುಲಿಯಲಿಕ್ಕೂ ಎಬ್ಬಿಸಿದರು. ಆಮೇಲೆ ಕಂಪ್ಯೂಟರನ್ನು ಸ್ಟೂಲಿನ ಮೇಲಿಟ್ಟು, ದಿವಾನಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿದೆ. ಸೊಂಟ ಹಿಡಿದು, ಏಳುವಾಗ ಗೋಡೆ ಹಿಡಿಯುವಂತಾಯಿತು. ಅದೂ ಸಾಲದೆಂಬಂತೆ ಆಗ್ರಾ, ಹರಿದ್ವಾರ ನೋಡಲು ಊರಿನಿಂದ ಬಂದ ನೆಂಟರು ಆ ದಿವಾನಿನ ಮೇಲೆಯೇ ಮಲಗಿ, "ನಿನಗೆ ಆರಾಮ, ಮನೆಯಲ್ಲೇ ಇರ್ತಿ," ಎಂದು ಹೇಳಿ ಮಗ್ಗುಲು ಬದಲಿಸುತ್ತಿದ್ದರು.

ಆ ಹೊತ್ತಿಗೇ ಒಂದು ಕುರ್ಚಿ ಕಂಪನಿಯ ಕರಪತ್ರ ಅನುವಾದಕ್ಕೆ ಬಂತು. ಕಂಪ್ಯೂಟರ್ ಮುಂದೆ ಹೇಗೆ ಕೂರಬೇಕೆಂಬ ಉಪದೇಶ. ಪಾದಕ್ಕೆ ಆಸರೆ ಇರಲಿ, ಪರದೆ ಕಣ್ಣಿನ ನೇರಕ್ಕಿರಲಿ, ಸೊಂಟದ ಹಿಂದೆ ಒತ್ತು ಇರಲಿ. ಕೊನೆಯಲ್ಲಿ, ನಿಮ್ಮ ಕೆಲಸದ ವೇಳೆಯನ್ನು ಮನೆಯವರಿಗೆ ಮೊದಲೇ ತಿಳಿಸಿ, ಎಂದಿತ್ತು. ಆ ಸಾಲನ್ನು ಕನ್ನಡಿಸುವಾಗ ನನಗೆ ನಗುವೋ ಅಳುವೋ ತಿಳಿಯಲಿಲ್ಲ.

ಆದರೆ ಉಳಿದದ್ದನ್ನು ಮನಸ್ಸಿಗೆ ಹಾಕಿಕೊಂಡೆ. ಮದುವೆಯಲ್ಲಿ ತವರಿನವರು ಕೊಟ್ಟ ಹೊಲಿಗೆ ಮೆಷಿನ್ನು ಮೂಲೆಯಲ್ಲಿತ್ತು. ಮಗಳ ಎರಡು ಲಂಗ ಹೊಲಿದು, ಎರಡೂ ಒಂದೇ ಕಡೆ ಜೋತುಬಿದ್ದ ಮೇಲೆ ನಾನು ಅದರ ತಂಟೆಗೆ ಹೋಗಿರಲಿಲ್ಲ. ಬೆಲ್ಟು ಕಳಚಿ, ತಲೆಯನ್ನು ಒಳಗೆ ಮಡಚಿ, ಮೇಲೆ ಹಲಗೆ ಮುಚ್ಚಿದೆ, ಮೇಜಾಯಿತು. ದಪ್ಪ ಹೊಟ್ಟೆಯ ಮಾನಿಟರಿನ ಅಡಿಗೆ ಊಟದ ಮಣೆ ಇಟ್ಟೆ. ಪರದೆ ಕಣ್ಣಿನ ನೇರಕ್ಕೆ ಬಂತು. ಊಟದ ಮೇಜಿನ ಕುರ್ಚಿಗೆ ಹಳೆಯ ರಜಾಯಿ ಮಡಚಿ ಹಾಸಿದೆ, ಬೆನ್ನಿಗೆ ದಿವಾನಿನ ಲೋಡು ಕೊಟ್ಟೆ. ಪಾದಕ್ಕೆ ಮೆಷಿನ್ನಿನ ಪೆಡಲೇ ಇತ್ತಲ್ಲ! ಕನ್ನಡ ಶಬ್ದ ಸಿಗದೆ ತಡವರಿಸುವಾಗ ಕಾಲು ತಾನಾಗಿ ಅದನ್ನು ತುಳಿಯುತ್ತಿತ್ತು, ಶಬ್ದ ಸಿಕ್ಕಾಗ ನಿಲ್ಲುತ್ತಿತ್ತು. ಅಷ್ಟು ಹಿತವಾದ ಆಸನ ನನಗೆ ಮತ್ತೆ ಎಲ್ಲೂ ಸಿಕ್ಕಿಲ್ಲ.

ಆಯುಧಪೂಜೆ ಬಂತು. ಬೆಳಿಗ್ಗೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಕಂಪ್ಯೂಟರ್ ನೆಲದ ಮೇಲಿತ್ತು, ಮೇಲೆ ಒಂದು ಹಳೆಯ ಬೆಡ್‌ಶೀಟು. ಮೆಷಿನ್ನಿನ ತಲೆ ಹೊರಗೆ ಬಂದಿತ್ತು. ಅದಕ್ಕೆ ಎಣ್ಣೆ ಬಿಟ್ಟು ಒರೆಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ್ದರು ಅತ್ತೆ. ಪಕ್ಕದಲ್ಲಿ ಕತ್ತಿ, ತುರಿಮಣೆ, ಮಿಕ್ಸಿ, ಸ್ಕೂಟರಿನ ಕೀಲಿಕೈ, ಎಲ್ಲಕ್ಕೂ ಬೊಟ್ಟು. ಕುರ್ಚಿ ಕಂಪನಿಯ ಇನ್ನೊಂದು ಕರಪತ್ರವನ್ನು ಅಂದೇ ಮಧ್ಯಾಹ್ನ ಕಳಿಸಬೇಕಿತ್ತು.

"ಅತ್ತೆ, ಕಂಪ್ಯೂಟರ್ ಯಾಕೆ ಇಳಿಸಿದ್ರಿ?"

"ಮತ್ತೆಂತ? ಮೆಷಿನಿಗೆ ಪೂಜೆ ಆಗ್ಬೇಡ್ವಾ?"

"ಅದರಲ್ಲಿ ಯಾರು ಹೊಲೀತಾರೆ? ನಾನು ಕೆಲಸ ಮಾಡೋದು ಇದರಲ್ಲಿ. ಇದಕ್ಕಿಲ್ವಾ ಪೂಜೆ?"

"ಪೂಜೆ ದುಡಿಯುವ ಸಾಮಾನಿಗೆ ಮಾರಾಯ್ತಿ," ಎಂದರು ಅತ್ತೆ. ಕೊಂಕು ಇರಲಿಲ್ಲ ಅವರ ದನಿಯಲ್ಲಿ. ಅದೇ ಹೆಚ್ಚು ಚುಚ್ಚಿತು. ಅವರು ನನ್ನನ್ನು ಹಂಗಿಸಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಅವರು ನಂಬಿದ್ದನ್ನೇ ಹೇಳಿದ್ದರು. ದಿನವಿಡೀ ನಾನು ಆ ಮೂಲೆಯಲ್ಲಿ ಕೂತು ಮಾಡುತ್ತಿದ್ದದ್ದು ಏನೆಂದು ಅವರು ತಿಳಿದುಕೊಂಡಿದ್ದರೋ ದೇವರೇ ಬಲ್ಲ.

ನಾನು ಮಾಲೆ ತೆಗೆದು ದೇವರ ಮುಂದಿಟ್ಟೆ. ಮೆಷಿನ್ನಿನ ತಲೆ ಒಳಗೆ ಮಡಚಿದೆ. ಅಷ್ಟರಲ್ಲಿ ಹೋಟೆಲಿನ ಪೂಜೆ ಮುಗಿಸಿ ಯಜಮಾನರು ಬಂದರು. "ಪೂಜೆ ಮಾಡಿದ್ದನ್ನ ಇವತ್ತು ಮುಟ್ಟಬಾರದು. ಒಂದು ದಿನ ಬಿಟ್ಟರೆ ಏನಾಗುತ್ತೆ ನಿನ್ನ ಟೈಪಿಂಗು?"

"ಹೋಟೆಲಲ್ಲಿ ಗ್ರೈಂಡರಿಗೆ ಪೂಜೆ ಆಯ್ತಾ?"

"ಆಯ್ತು."

"ಈಗ ಅದು ಏನು ಮಾಡ್ತಿದೆ?"

ಕುಂಕುಮದ ಬೊಟ್ಟು ಇಟ್ಟುಕೊಂಡೇ ಅದು ಸಂಜೆಯ ದೋಸೆ ಹಿಟ್ಟು ರುಬ್ಬುತ್ತಿತ್ತು. ಹಬ್ಬದ ದಿನ ಗಿರಾಕಿ ಜಾಸ್ತಿ ನೋಡಿ! "ಹಾಗಾದ್ರೆ ಆ ಮಾನಿಟರ್ ಎತ್ತಿ ಕೊಡಿ, ನನಗೆ ಭಾರ," ಎಂದೆ. ಎತ್ತಿ ಕೊಟ್ಟರು. ಅತ್ತೆ ಮುಖ ತಿರುಗಿಸಿಕೊಂಡರು. ಮಗಳು ಮೇಜಿನಡಿ ನುಸುಳಿ, ಕೈಯಿಂದ ಪೆಡಲು ಒತ್ತುತ್ತಾ ಎಂದಿನಂತೆ ಬಸ್ಸು ಬಿಡತೊಡಗಿದಳು. ನಾನು ಹಲ್ಲುಕಚ್ಚಿ ಕರಪತ್ರ ಮುಗಿಸಿದೆ.

ಮರುವರ್ಷ ಅತ್ತೆ ಮಾನಿಟರಿನ ಬೆನ್ನಿಗೆ ಒಂದು ಬೊಟ್ಟು ಹಚ್ಚಿದರು. "ಈಗ ಸಮಾಧಾನವಾ?" ಎಂದರು ಯಜಮಾನರು, ಅತ್ತ ಮಗುವಿಗೆ ಪೆಪ್ಪರ್‌ಮಿಂಟ್ ಕೊಟ್ಟ ಹಾಗೆ. ಆಗಿರಲಿಲ್ಲ. ಕೇಳಿ ಪಡೆದ ಕುಂಕುಮ ಅದು. ಮುಂದೆ ಲ್ಯಾಪ್‌ಟಾಪ್ ಬಂತು, ಅತ್ತೆ ತೀರಿಕೊಂಡರು, ಮೆಷಿನ್ನನ್ನು ಯಾರೋ ಬಾಲ್ಕನಿಗೆ ತಳ್ಳಿದರು. ಅಂದಿನಿಂದ ನಾನು ಮಂಚದ ಅಂಚಿನಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅನುವಾದ ಮಾಡುತ್ತಿದ್ದೇನೆ. ಈಗಲೂ.

"ಭಯ್ಯಾ, ರಖ್ ದೋ. ಯೇ ನಹೀ ಬೇಚನಾ," ಎಂದೆ, ಮಾರುವುದಿಲ್ಲವೆಂದು ಕಬಾಡಿಯವನ ಕೈ ತಡೆದು. ನನ್ನ ದನಿ ಜೋರಾಗಿಯೇ ಇತ್ತು. ಯಜಮಾನರು ಬೆರಳು ತುಟಿಗಿಟ್ಟುಕೊಂಡು ಓಡಿ ಬಂದರು. ಮೀಟಿಂಗು ಬಿಟ್ಟು ಮಗಳೂ ಬಾಗಿಲು ತೆರೆದಳು.

"ಯಾಕಮ್ಮಾ? ಯಾರೂ ಹೊಲಿಯೋದೇ ಇಲ್ವಲ್ಲ."

"ಹೊಲಿಯೋಕಲ್ಲ. ಇದು ನನ್ನ ಆಫೀಸು."

ಅವಳು ಮೆಷಿನ್ನನ್ನೂ ನನ್ನನ್ನೂ ನೋಡಿದಳು. ಆಮೇಲೆ ಬಗ್ಗಿ ಪೆಡಲನ್ನು ಒಮ್ಮೆ ಒತ್ತಿದಳು. "ಅರೇ, ಮೇರೀ ಬಸ್!" ಎಂದಳು. ಮತ್ತೇನೂ ಕೇಳದೆ, "ಪಪ್ಪಾ, ಆ ಕಡೆ ಹಿಡೀರಿ," ಎಂದಳು. ಇಬ್ಬರೂ ಎತ್ತಿ ತಂದು ಹಾಲಿನ ಕಿಟಕಿಯ ಪಕ್ಕ ಇಟ್ಟರು. ನಾನು ಮಣೆ ಹುಡುಕಿ ತಂದು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ, ಹಳೆಯ ಕೀಬೋರ್ಡು ಜೋಡಿಸಿದೆ, ಬೆನ್ನಿಗೆ ಲೋಡು ಕೊಟ್ಟೆ.

ಮೊದಲ ಸಾಲು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು: "ಏನೇ, ಅನ್ನಕ್ಕೆ ಎಷ್ಟು ಅಕ್ಕಿ ಹಾಕಲೇ?"

ನಾನು ಬಾಯಿ ತೆರೆಯುವ ಮೊದಲೇ ಕೋಣೆಯಿಂದ ಮಗಳ ದನಿ ಕೇಳಿತು: "ಪಪ್ಪಾ, ಶ್! ಅಮ್ಮ ಕೆಲಸದಲ್ಲಿದ್ದಾಳೆ."

ನನ್ನ ಕಾಲು ತಾನಾಗಿ ಪೆಡಲು ತುಳಿಯಿತು. ಸಿಟ್ಟು ಇಳಿಯಿತೆಂದುಕೊಳ್ಳಬೇಡಿ. ಬೆನ್ನಿಗೆ ಲೋಡು ಸಿಕ್ಕಿತು, ಅಷ್ಟೇ.