ಹುಟ್ಟುವ ಮೊದಲೇ ಬರೆದ ತಲೆಬುರುಡೆ

ಬೆಳಗಿನ ಐದೂವರೆ. ಕ್ಲೆಮ್ ಕೆರಿಜ್ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಎಡಗೈಯ ಚರ್ಮದ ಮೆತ್ತೆಯ ಮೇಲೆ ಒಂದು ಚಿನ್ನದ ರೇಕು ಮಲಗಿದೆ. ಪಕ್ಕದಲ್ಲಿ ಯಾರಾದರೂ ಜೋರಾಗಿ ಮಾತಾಡಿದರೂ ಎದ್ದು ಹಾರಿಹೋಗುವಷ್ಟು ತೆಳು. ಅಗಲ ಕುಂಚವನ್ನು ಒಮ್ಮೆ ತಮ್ಮ ಕೆನ್ನೆಗೆ ಸವರಿಕೊಂಡು, ಆ ಚೂರು ಜಿಡ್ಡಿನಲ್ಲೇ ರೇಕನ್ನು ಎತ್ತಿ, ಎದುರಿನ ಹಲಗೆಯ ಮೇಲಿನ ಕಿರೀಟಕ್ಕೆ ಇಳಿಸುತ್ತಾರೆ. "ಬಾಗಿಲು ತೆಗೀಬೇಡಿ," ಎನ್ನುತ್ತಾರೆ, ಕೆಲಸ ನೋಡಲು ಬಂದವರ ಕಡೆ ತಿರುಗಿಯೂ ನೋಡದೆ. "ಒಳಗೆ ಬಂದಾಯ್ತಲ್ಲ, ಒಳಗೇ ಇರಿ. ಸೀನು ಬಂದ್ರೆ ನುಂಗ್ಕೊಳ್ಳಿ."

ಸಫೋಕ್ ಸೀಮೆಯ ಲಿಟಲ್ ಥೆಲ್ಮರ್ ಹಳ್ಳಿಯಲ್ಲಿ, ಹಿಂದೆ ಕುದುರೆಗಾಡಿ ನಿಲ್ಲಿಸುತ್ತಿದ್ದ ಕೊಟ್ಟಿಗೆಯೇ ಕ್ಲೆಮ್ ಅವರ ಕೆಲಸದ ಮನೆ. ಹಾಲಿನ ಲಾರಿ ಬಂತೆಂದರೆ ನೆಲ ಅದುರುತ್ತದೆ. ಹಾಗಾಗಿ ಚಿನ್ನದ ಕೆಲಸ ಏನಿದ್ದರೂ ಅದು ಬರುವುದರೊಳಗೆ ಮುಗಿಯಬೇಕು. ಎಪ್ಪತ್ತೆರಡು ವರ್ಷದ ಇವರು ಹೊಟ್ಟೆಪಾಡಿಗೆ ಪಬ್ಬುಗಳ ಬೋರ್ಡು ಬರೆದವರು, ದೋಣಿಗಳಿಗೆ ಹೆಸರು ಬರೆದವರು, ಕಟುಕನಂಗಡಿಯ ಗಾಜಿನ ಮೇಲೆ ಹಂದಿಯ ಚಿತ್ರ ಬರೆದವರು. ಈಗ ಅವೆಲ್ಲ ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸುವ ಅಕ್ಷರಗಳಾಗಿವೆ. ಕ್ಲೆಮ್ ಅದಕ್ಕೆ ಗೋಳಾಡುವುದಿಲ್ಲ. "ಅವು ಎರಡು ವರ್ಷಕ್ಕೆ ಸಿಪ್ಪೆ ಏಳ್ತವೆ. ಆಗ ಕೆರೆದು ತೆಗೆಯೋಕೆ ನನ್ನನ್ನೇ ಕರೀತಾರೆ," ಎಂದು ನಗುತ್ತಾರೆ.

ಇವತ್ತು ಅವರ ಮುಂದಿರುವುದು ಬೇರೆ ಜಾತಿಯ ಕೆಲಸ. ಆಳೆತ್ತರದ ಚೌಕ ಹಲಗೆಯನ್ನು ಅದರ ಒಂದು ಮೂಲೆಯ ಮೇಲೆ, ವಜ್ರಾಕಾರವಾಗಿ ನಿಲ್ಲಿಸಿದ್ದಾರೆ. ಇದು ಸಾವಿನ ಫಲಕ. ಪದವಿಯುಳ್ಳ ಮನೆತನದ ಯಜಮಾನ ತೀರಿಕೊಂಡಾಗ ಮುಂಬಾಗಿಲ ಮೇಲೆ ತೂಗುಹಾಕುತ್ತಾರೆ, ಕೆಲವು ತಿಂಗಳಾದ ಮೇಲೆ ಚರ್ಚಿನ ಗೋಡೆಗೆ ಸಾಗಿಸುತ್ತಾರೆ. ಹೆಂಡತಿ ಬದುಕಿದ್ದರೆ ಹಿನ್ನೆಲೆಯ ಅರ್ಧ ಬಿಳಿ, ಆಕೆಯೂ ಹೋಗಿದ್ದರೆ ಪೂರ್ತಿ ಕಪ್ಪು. ಇದು ಪೂರ್ತಿ ಕಪ್ಪು. ಆರನೆಯ ಬ್ಯಾರನ್ ಥೆಲ್ಮರ್, ಊರಿನವರ ಬಾಯಲ್ಲಿ 'ಮುದಿ ಲಾರ್ಡು', ತೊಂಬತ್ತೈದು ವರ್ಷ ಬಾಳಿ ಕಳೆದ ಜೂನಿನಲ್ಲಿ ಹೋದರು. ಸುಗ್ಗಿಯ ಪ್ರಾರ್ಥನೆಯ ಭಾನುವಾರಕ್ಕೆ ಫಲಕ ಏರಬೇಕು, ಇನ್ನು ಎರಡೇ ವಾರ ಉಳಿದಿದೆ.

ನೀಲಿಯ ಮೇಲೆ ಮನೆತನದ ಲಾಂಛನದ ಮೂರು ಬೆಳ್ಳಿ ಹಾವುಮೀನುಗಳು ಮುಗಿದಿವೆ. ಕಿರೀಟ ಇದೀಗ ಹೊಳೆಯುತ್ತಿದೆ. ಕಿರೀಟದ ಮೇಲೆ, ಮನೆತನದ ಬೂದು ಕೊಕ್ಕರೆ ನಿಲ್ಲುವ ಕಡೆ, ಅಂಗೈ ಅಗಲದ ಜಾಗ ಮಾತ್ರ ಬೋಳಾಗಿದೆ. ವಂಶದಲ್ಲಿ ಕೊನೆಯವನು ಸತ್ತರೆ ಅಲ್ಲಿ ಕೊಕ್ಕರೆಯ ಬದಲು ತಲೆಬುರುಡೆ ಬರೆಯುವುದು ಹಿಂದಿನಿಂದ ಬಂದ ಪದ್ಧತಿ. ಮುದಿ ಲಾರ್ಡಿಗೆ ಗಂಡುಮಕ್ಕಳಿಲ್ಲ, ದಾಯಾದಿಗಳೂ ಇಲ್ಲ. ಇರುವವಳು ಒಬ್ಬಳೇ ಮಗಳು, ಹೆಸ್ಟರ್. ಹೆಣ್ಣಿಗೆ ಈ ಪದವಿ ಇಳಿಯುವುದಿಲ್ಲ. ಅಲ್ಲಿಗೆ ಬುರುಡೆ ಬರೆಯಲೇಬೇಕು. ಕ್ಲೆಮ್ ಕೈ ಮಾತ್ರ ಮುಂದೆ ಹೋಗುತ್ತಿಲ್ಲ.

ಯಾಕೆಂದು ತಿಳಿಯಬೇಕಾದರೆ ಈ ಮನೆತನದ ಕಥೆ ಸ್ವಲ್ಪ ಕೇಳಬೇಕು. ಮೊದಲನೆಯ ಬ್ಯಾರನ್ ರಾಜನ ನೌಕಾಪಡೆಗೆ ಉಪ್ಪು ಹಾಕಿದ ಮಾಂಸ ಮಾರಿ ದುಡ್ಡು ಮಾಡಿದವನು. ಆ ಮಾಂಸ ತಿಂದು ಸತ್ತವರು ಹೆಚ್ಚೋ ಶತ್ರುವಿನ ಗುಂಡಿಗೆ ಸತ್ತವರು ಹೆಚ್ಚೋ ಎಂದು ಊರಿನವರು ಇವತ್ತಿಗೂ ಕೇಳುತ್ತಾರೆ. ಎರಡನೆಯವನು ದೊಡ್ಡ ಮನೆ ಕಟ್ಟಿಸಿದ. ಮೂರನೆಯವನು ಆಸ್ತಿಯ ಮುಕ್ಕಾಲು ಪಾಲನ್ನು ರೇಸಿನ ಕುದುರೆಗಳ ಬಾಲಕ್ಕೆ ಕಟ್ಟಿದ. ನಾಲ್ಕನೆಯವನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ, ಊರಿಗೆ ನೆಮ್ಮದಿ ಕೊಟ್ಟವನು ಅವನೊಬ್ಬನೇ. ಐದನೆಯವನು ಸಾವಿರದ ಒಂಬೈನೂರ ಇಪ್ಪತ್ತೆಂಟರ ಅಕ್ಟೋಬರಿನಲ್ಲಿ ನರಿ ಬೇಟೆಗೆ ಹೋಗಿ, ಕುದುರೆಯಿಂದ ಬಿದ್ದು, ಮೂವತ್ತನಾಲ್ಕನೇ ವಯಸ್ಸಿಗೇ ಸತ್ತ. ಮಕ್ಕಳಿರಲಿಲ್ಲ. ಲಂಡನ್ನಿನಿಂದ ಬಂದ ವಕೀಲರು ವಂಶ ಮುಗಿಯಿತೆಂದರು. ಊರಿನ ಬೋರ್ಡು ಬರೆಯುವವನಾದ ಅಮೋಸ್ ಕೆರಿಜ್, ಎಂದರೆ ಕ್ಲೆಮ್ ಅವರ ಅಜ್ಜ, ವಕೀಲರು ಹೇಳಿದಂತೆ ಫಲಕದ ನೆತ್ತಿಗೆ ಒಂದು ಬುರುಡೆ ಬರೆದುಕೊಟ್ಟ.

ಫಲಕ ದೊಡ್ಡ ಮನೆಯ ಬಾಗಿಲ ಮೇಲೇರಿತು. ವಿಧವೆ ದಿನವೂ ಅದರ ಕೆಳಗೇ ಓಡಾಡಿದಳು. ಕ್ರಿಸ್ಮಸ್ ಹೊತ್ತಿಗೆ ಗೊತ್ತಾಯಿತು, ಆಕೆ ಬಸುರಿ. ಮೇ ತಿಂಗಳಲ್ಲಿ ಗಂಡುಮಗು ಹುಟ್ಟಿತು. ತೊಟ್ಟಿಲಲ್ಲಿ ಕಿರುಚುತ್ತಿದ್ದ ಆ ಮಗುವೇ ಆರನೆಯ ಬ್ಯಾರನ್. ಅಮೋಸ್ ಏಣಿ ಹೊತ್ತು ಹೋಗಿ, ಊರೆಲ್ಲ ನಿಂತು ನೋಡುತ್ತಿರುವಾಗ ಫಲಕ ಇಳಿಸಿ, ಬುರುಡೆಯ ಮೇಲೆ ಕೊಕ್ಕರೆ ಬರೆದ.

ಎಣ್ಣೆಬಣ್ಣಕ್ಕೆ ವಯಸ್ಸಾದಂತೆ ಅದು ಅಡಿಯಲ್ಲಿರುವುದು ಕಾಣುವಷ್ಟು ಪಾರದರ್ಶಕವಾಗುತ್ತದೆ. ಚರ್ಚಿನ ಗೋಡೆಯ ಮೇಲೆ ಆ ಕೊಕ್ಕರೆಯ ಹೊಟ್ಟೆಯೊಳಗಿಂದ ಎರಡು ಕಪ್ಪು ಕಣ್ಣುಗುಳಿಗಳು ನಿಧಾನಕ್ಕೆ ಮೇಲೆದ್ದು ಬಂದವು. ಕೆರಿಜ್ ಮನೆಗೆ 'ಬುರುಡೆ ಮನೆ' ಎಂಬ ಹೆಸರು ಅಂಟಿತು. ಅಮೋಸ್ ಆಮೇಲೆ ಸಾಯುವವರೆಗೂ ಚರ್ಚಿನಲ್ಲಿ ಆ ಫಲಕ ಕಾಣದಂತೆ ಒಂದು ಕಂಬದ ಹಿಂದೆ ಕೂತ. "ನಮ್ಮಪ್ಪಂಗೆ ಶಾಲೇಲಿ ಹೊಡೆದಾಟ ಆಗಿದ್ದೆಲ್ಲ ಇದಕ್ಕೇ. ನನಗೂ ಅಷ್ಟೇ," ಎನ್ನುತ್ತಾರೆ ಕ್ಲೆಮ್. "ಅಜ್ಜನ ಹತ್ರ ಯಾರೂ ಈ ಮಾತು ಎತ್ತುತ್ತಿರಲಿಲ್ಲ. ಒಂದೇ ಒಂದ್ಸಲ ಅವನೇ ಅಂದ, 'ಬಸುರಿ ಹೆಂಗಸಿನ ತಲೆ ಮೇಲೆ ಸಾವು ಬರೆದುಬಿಟ್ಟೆ ಕಣೋ' ಅಂತ. ನನಗೆ ಆಗ ಎಂಟು ವರ್ಷ. ಅವನು ಅತ್ತಿದ್ದು ನೋಡಿದ್ದೂ ಅವತ್ತೇ."

ಊರು ಮರೆತಿದೆ ಎಂದುಕೊಂಡರೆ ತಪ್ಪು. ಹತ್ತು ಗಂಟೆಗೆ ಪಬ್ಬಿನ ಮಾಲೀಕ ರೋಲೊ ತನ್ನ ಬೋರ್ಡಿನ ಬಿರುಕು ತೋರಿಸಲು ಬರುತ್ತಾನೆ. ಕಣ್ಣು ಹೋಗುವುದು ಸೀದಾ ಬೋಳು ಜಾಗಕ್ಕೆ. "ಏನ್ ಕ್ಲೆಮ್, ಈ ಸಲ ಸರಿಯಾಗಿ ವಿಚಾರಿಸಿದೀಯಾ? ಮಿಸ್ ಹೆಸ್ಟರ್‌ಗೆ ತಮ್ಮ ಗಿಮ್ಮ ಹುಟ್ಟೋದಿಲ್ಲ ತಾನೆ?"

"ಹುಟ್ಟಿದ್ರೆ ನಿನ್ನ ಪಬ್ಬಿಗೇ ಮೊದಲು ಬರ್ತಾನೆ. ಸಾಲ ಕೇಳ್ತಾನೆ, ಕೊಡು," ಎನ್ನುತ್ತಾರೆ ಕ್ಲೆಮ್.

ರೋಲೊ ನಗುತ್ತಾ ಹೊರಡುತ್ತಾನೆ. ಕ್ಲೆಮ್ ಅವರ ಹೆಂಡತಿ ಮ್ಯಾವಿಸ್ ಚಹಾ ತಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. "ಹದಿನೈದು ದಿನದಿಂದ ಆ ಅಂಗೈ ಅಗಲ ಜಾಗ ನೋಡ್ತಾ ಕೂತಿದೀಯ. ಕೊಕ್ಕರೆನೋ ಬುರುಡೆನೋ, ಏನಾದ್ರೂ ಒಂದು ಬರಿ ಮಾರಾಯ. ನಿದ್ದೇಲಿ ಹಲ್ಲು ಕಡೀತೀಯ, ನನಗೆ ನಿದ್ದೆ ಇಲ್ಲ."

ಹನ್ನೊಂದಕ್ಕೆ ಮಿಸ್ ಹೆಸ್ಟರ್ ಬರುತ್ತಾರೆ. ಲಾರ್ಡಿನ ಮಗಳೆಂದರೆ ರೇಷ್ಮೆ, ಮುತ್ತು ಎಂದುಕೊಂಡು ಬಂದವರಿಗೆ ನಿರಾಸೆ ಖಂಡಿತ. ಮೊಣಕಾಲವರೆಗೆ ರಬ್ಬರ್ ಬೂಟು, ಅದರ ಮೇಲೆ ಸಗಣಿ, ಕೈಯಲ್ಲಿ ಒಂದು ಬುಟ್ಟಿ ಮೊಟ್ಟೆ. ಅರವತ್ತೊಂದು ವರ್ಷ, ಮದುವೆಯಾಗಿಲ್ಲ. ದೊಡ್ಡ ಮನೆ ಮಾರಿಹೋಗಿ ಫ್ಲ್ಯಾಟುಗಳಾಗಿ ಬಹಳ ಕಾಲವಾಯಿತು. ಇವರು ಹೆಬ್ಬಾಗಿಲ ಪಕ್ಕದ ಕಾವಲುಮನೆಯಲ್ಲಿದ್ದುಕೊಂಡು ಹಸು ಸಾಕುತ್ತಾರೆ.

"ಏನು ಕ್ಲೆಮ್, ಬುರುಡೆ ಎಲ್ಲಿ?"

"ಕೊಕ್ಕರೆ ಹಾಕ್ತೀನಿ, ಮಿಸ್ ಹೆಸ್ಟರ್. ಒಳ್ಳೇ ಕೊಕ್ಕರೆ. ನೋಡಿದೋರು ಹಾರಿಹೋಗುತ್ತೆ ಅನ್ಬೇಕು, ಅಂಥದ್ದು."

"ಕೊಕ್ಕರೆ ಅಪ್ಪನ ಜೊತೆ ಹೋಯ್ತು. ಇನ್ನು ಮುಂದೆ ಅದನ್ನ ತಲೆ ಮೇಲೆ ಹೊರೋರು ಯಾರು? ನನಗಂತೂ ಕಾನೂನು ಕೊಡಲ್ಲ."

"ನೀವಿದ್ದೀರಲ್ಲ. ನೀವಿರೋವಾಗ ಮನೆ ಮುಗೀತು ಅಂತ ನಾನು ಹೆಂಗೆ ಬರೀಲಿ?"

"ನಾನಿರೋದು ಹಸುಗಳಿಗೆ ಗೊತ್ತು. ಪದವಿಗೆ ಗೊತ್ತಿಲ್ಲ. ಬುರುಡೆ ಬರೀರಿ."

ಕ್ಲೆಮ್ ಕುಂಚ ಕೆಳಗಿಡುತ್ತಾರೆ. "ನಮ್ಮ ಮನೇಲಿ ಒಂದ್ಸಲ ಈ ತಪ್ಪು ಆಗಿದೆ. ಇನ್ನೊಂದ್ಸಲ ಬದುಕಿರೋ ಮಗಳ ತಲೆ ಮೇಲೆ ನಾನು ಬುರುಡೆ ಇಡಲ್ಲ. ಬೇಕಾದ್ರೆ ಬೇರೆ ಯಾರ ಹತ್ರನಾದ್ರೂ ಮಾಡಿಸ್ಕೊಳ್ಳಿ."

ಮಿಸ್ ಹೆಸ್ಟರ್ ಮೊಟ್ಟೆಯ ಬುಟ್ಟಿಯನ್ನು ಮ್ಯಾವಿಸ್ ಕೈಗೆ ಕೊಟ್ಟು, "ಏಣಿ ಎತ್ಕೊಳ್ಳಿ, ಚರ್ಚಿಗೆ ಹೋಗೋಣ," ಎನ್ನುತ್ತಾರೆ.

ಚರ್ಚಿನಲ್ಲಿ ಯಾರೂ ಇಲ್ಲ. ಐದು ಫಲಕಗಳು ಸಾಲಾಗಿ ತೂಗಿವೆ, ಕೊನೆಯದು ಅಮೋಸ್ ಬರೆದದ್ದು. ಮಿಸ್ ಹೆಸ್ಟರ್ ಏಣಿ ಹಿಡಿದುಕೊಳ್ಳುತ್ತಾರೆ, ಕ್ಲೆಮ್ ಹತ್ತುತ್ತಾರೆ. ಎಪ್ಪತ್ತೆರಡು ವರ್ಷದಲ್ಲಿ ಅಜ್ಜನ ಬುರುಡೆಯನ್ನು ಇಷ್ಟು ಹತ್ತಿರದಿಂದ ಅವರು ನೋಡುತ್ತಿರುವುದು ಇದೇ ಮೊದಲು. ಕೊಕ್ಕರೆಯ ರೆಕ್ಕೆಯಡಿ ಹಣೆಯ ಗೆರೆ ಇದೆ, ಹಲ್ಲುಗಳಿವೆ. ಒಂದೊಂದು ಹಲ್ಲಿಗೂ ಬೇರೆ ನೆರಳು ಕೊಟ್ಟಿದ್ದಾನೆ ಅಜ್ಜ.

"ಅಪ್ಪ ಪ್ರತಿ ಭಾನುವಾರ ಇಲ್ಲಿ ನಿಂತು ತಲೆ ಬಾಗಿಸ್ತಿದ್ರಲ್ಲ, ನೋಡಿದೀರಾ?" ಎಂದು ಕೆಳಗಿನಿಂದ ಕೇಳುತ್ತಾರೆ ಮಿಸ್ ಹೆಸ್ಟರ್.

"ನೋಡಿದೀನಿ. ಅವರ ತಂದೆಗೆ."

"ತಂದೆಗಲ್ಲ, ಆ ಬುರುಡೆಗೆ. ಅದಕ್ಕೆ ಅಮೋಸ್ ಅಂತ ಹೆಸರಿಟ್ಟಿದ್ರು. ಚಿಕ್ಕವರಿದ್ದಾಗಿಂದ 'ಗುಡ್ ಮಾರ್ನಿಂಗ್, ಅಮೋಸ್' ಅಂತ ಮೆಲ್ಲಗೆ ಹೇಳಿಯೇ ಕೂರ್ತಿದ್ದಿದ್ದು. ಕಾಯಿಲೆ ಬಿದ್ದಾಗಲೆಲ್ಲ 'ನನ್ನ ಸಾವನ್ನ ಅಮೋಸ್ ಆಗಲೇ ಬರೆದು ಮುಗಿಸಿದಾನೆ, ಇನ್ನು ನನಗೇನೂ ಆಗಲ್ಲ' ಅಂತ ನಗೋರು. ನನ್ನಮ್ಮನಿಗೆ ಕೊನೇ ಮಗು ಹೋದಾಗ ನನ್ನನ್ನ ಇಲ್ಲಿಗೆ ಕರ್ಕೊಂಡು ಬಂದು ಹೇಳಿದ್ರು, 'ನನ್ನ ಫಲಕಕ್ಕೆ ಇವನೇ ಬರ್ತಾನೆ ಹೆಸ್ಟರ್, ನೀನು ಅಳಬೇಡ, ಇವನು ನಮ್ಮ ಮನೆಯವನು' ಅಂತ."

ಕ್ಲೆಮ್ ಏಣಿ ಇಳಿಯುತ್ತಾರೆ. ಮುಖ ಕೆಂಪಾಗಿದೆ. ಅದು ಸಂತೋಷವಲ್ಲ, ಸಿಟ್ಟು.

"ನಮ್ಮಜ್ಜ ಮೂವತ್ತು ವರ್ಷ ಆ ಕಂಬದ ಹಿಂದೆ ಕೂತ, ಮಿಸ್ ಹೆಸ್ಟರ್. ಅದೋ, ಆ ಕಂಬ. ನಿಮ್ಮಪ್ಪ ಇಲ್ಲಿ ನಿಂತು ಬುರುಡೆಗೆ ನಮಸ್ಕಾರ ಹೇಳ್ತಿದ್ರಂತೆ, ಬುರುಡೆ ಬರೆದೋನು ನಾಲ್ಕು ಮಾರು ದೂರದಲ್ಲಿ ಜೀವಂತ ಕೂತಿದ್ದ. ಅವನಿಗೆ ಒಂದು ಮಾತು ಹೇಳಬಾರದಿತ್ತಾ? ಬೆನ್ನು ತಟ್ಟೋದು ಬೇಡ. ಅವನ ಮುಂದೆ ಒಂದ್ಸಲ ನಕ್ಕಿದ್ರೆ ಸಾಕಿತ್ತು."

ಮಿಸ್ ಹೆಸ್ಟರ್ ಏಣಿಯಿಂದ ಕೈ ತೆಗೆಯುವುದಿಲ್ಲ. "ಹೇಳಬೇಕಿತ್ತು. ಹೇಳಲಿಲ್ಲ. ನಿಮ್ಮಜ್ಜನಿಗೆ ಇದು ನೋವಾಗಿದೆ ಅನ್ನೋದು ಅಪ್ಪನಿಗೆ ಹೊಳೆದೇ ಇರಲಿಲ್ಲ ಅನ್ಸುತ್ತೆ. ನಮ್ಮ ಮನೇಲಿ ಯಾರೂ ಯಾರನ್ನೂ ಏನೂ ಕೇಳ್ತಿರಲಿಲ್ಲ, ಕ್ಲೆಮ್. ಪದವಿ ಮುಗಿಯೋದಕ್ಕೆ ನನಗೇನೂ ದುಃಖ ಇಲ್ಲ ಅಂದ್ರೆ ಇದಕ್ಕೇ." ತಲೆಯೆತ್ತಿ ಫಲಕ ನೋಡುತ್ತಾ ಹೇಳುತ್ತಾರೆ: "ಆದ್ರೆ ನನಗೆ ಬೇರೆ ಬುರುಡೆ ಬೇಡ. ಇದೇ ಬೇಕು. ಈ ಸಲ ಅದರ ಮೇಲೆ ಯಾರೂ ಏನೂ ಬಳಿಯೋದಿಲ್ಲ."

ಕ್ಲೆಮ್ ಏಣಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ಊಟಕ್ಕೆ ಮ್ಯಾವಿಸ್ ಇಟ್ಟ ಹಂದಿಮಾಂಸದ ಕಡುಬು ಹಾಗೇ ತಣ್ಣಗಾಗುತ್ತದೆ. ಮೂರು ಗಂಟೆಗೆ ಎದ್ದು, ಪಾರದರ್ಶಕ ಕಾಗದದ ಸುರುಳಿ, ಪೆನ್ಸಿಲ್ಲು ತೆಗೆದುಕೊಂಡು ಮತ್ತೆ ಚರ್ಚಿಗೆ ನಡೆಯುತ್ತಾರೆ. ಕಾಗದವನ್ನು ಅಜ್ಜನ ಕೆಲಸದ ಮೇಲಿಟ್ಟು, ರೆಕ್ಕೆಯಡಿಯ ಒಂದೊಂದು ಗೆರೆಯನ್ನೂ ಎತ್ತಿಕೊಳ್ಳುತ್ತಾರೆ. ಗೆರೆ ಎಳೆಯುವಾಗ ಕೈ ಊರಲು ಆಸರೆಯ ಕೋಲು ಬೇಕೇ ಬೇಕು ಎನ್ನುವ ವಯಸ್ಸು. ಆ ಮಧ್ಯಾಹ್ನ ಅವರು ಕೋಲನ್ನು ಕೆಳಗೇ ಮರೆತು ಹತ್ತಿದ್ದಾರೆ.

ಬುರುಡೆಗೆ ಒಂಬತ್ತು ದಿನ ಹಿಡಿಯುತ್ತದೆ. ಮೂಳೆಯ ಬಣ್ಣಕ್ಕೆ ಬಿಳಿ ಸಾಲದು, ಹಳದಿ ಬೇಕು, ನೆರಳಿಗೆ ಚೂರು ಹಸಿರು ಬೇಕು. ಮುಗಿದ ದಿನ ಮ್ಯಾವಿಸ್ ಬಂದು ನೋಡಿ, ಗಂಡನ ಮುಖ ನೋಡಿ, ಮತ್ತೆ ಹಲಗೆ ನೋಡುತ್ತಾರೆ. ಬುರುಡೆಯ ದವಡೆ ಎಡಕ್ಕೆ ಸ್ವಲ್ಪ ಜಾರಿದೆ. "ಅಯ್ಯೋ, ಇದು ನಿನ್ನ ದವಡೆ ಕಣೋ! ನಿಮ್ಮಜ್ಜ ಕನ್ನಡಿ ನೋಡ್ಕೊಂಡು ಬರೆದಿದ್ದಾನೆ."

"ಪಾಪ, ಬೇರೆ ಯಾರ ಬುರುಡೆ ಸಿಗಬೇಕಿತ್ತು ಅವನಿಗೆ?" ಎನ್ನುತ್ತಾರೆ ಕ್ಲೆಮ್. ಅಷ್ಟು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಟರ್ಪೆಂಟೈನ್ ಕಣ್ಣಿಗೆ ಹೋಯಿತು ಎಂಬ ನೆಪವನ್ನೂ ಹೇಳುವುದಿಲ್ಲ.

ಸುಗ್ಗಿಯ ಭಾನುವಾರ ಕಾವಲುಮನೆಯ ಬಾಗಿಲ ಮೇಲೆ ಫಲಕ ಏರುತ್ತದೆ. ಬಂದವರು ಮೂವತ್ತೋ ನಲವತ್ತೋ ಜನ. ರೋಲೊ ಟೋಪಿ ತೆಗೆದು ನಿಂತಿದ್ದಾನೆ, ಅಪರೂಪಕ್ಕೆ ಬಾಯಿ ಮುಚ್ಚಿದ್ದಾನೆ. ಪಾದ್ರಿಯ ಪ್ರಾರ್ಥನೆ ಮುಗಿದು ಜನ ಚಹಾದ ಕಡೆ ಚದುರಿದ ಮೇಲೆ, ಫಲಕದ ಕೆಳಗೆ ಮಿಸ್ ಹೆಸ್ಟರ್ ಮತ್ತು ಕ್ಲೆಮ್ ಇಬ್ಬರೇ ಉಳಿಯುತ್ತಾರೆ.

"ಮದುವೆಯಾಗದ ಹೆಂಗಸಿನ ಫಲಕಕ್ಕೆ ಮೇಲೆ ಏನು ಬರೀತಾರೆ?" ಎಂದು ಕೇಳುತ್ತಾರೆ ಮಿಸ್ ಹೆಸ್ಟರ್. "ಕೊಕ್ಕರೆ ಇಲ್ಲ, ಕಿರೀಟ ಇಲ್ಲ. ನನಗೆ ಬುರುಡೆನಾದ್ರೂ ಉಂಟಾ?"

"ಬುರುಡೆ ಇಲ್ಲ. ರಿಬ್ಬನ್ನು. ಜಡೆಗೆ ಕಟ್ಟಿದ ಹಾಗೆ ಒಂದು ಗಂಟು. ನೀಲಿ."

"ನೀಲಿ!" ಅವರು ಜೋರಾಗಿ ನಗುತ್ತಾರೆ. "ಅರವತ್ತು ದಾಟಿದ ಹಸು ಕಾಯೋಳಿಗೆ! ಸರಿ, ಅದನ್ನ ಬರೆಯೋರು ಯಾರು? ನಿಮ್ಮ ನಂತರ ಈ ಕೆಲಸ ಬಲ್ಲೋರು ಈ ಸೀಮೇಲಿ ಇಲ್ಲ."

ಕ್ಲೆಮ್ ಕೈಯಲ್ಲಿದ್ದ ಚಹಾ ಮುಗಿಸಿ ಬಟ್ಟಲನ್ನು ಕಟ್ಟೆಯ ಮೇಲಿಡುತ್ತಾರೆ. ತಮ್ಮ ಬಲಗೈಯನ್ನು ಒಮ್ಮೆ ಬಿಡಿಸಿ, ಮಡಚಿ ನೋಡಿಕೊಳ್ಳುತ್ತಾರೆ.

"ಈ ಚಳಿಗಾಲದಲ್ಲಿ ಬರೆದಿಡ್ತೀನಿ. ಕೈ ಇನ್ನೂ ಮಾತು ಕೇಳುತ್ತೆ," ಎನ್ನುತ್ತಾರೆ. "ಆದ್ರೆ ಅದನ್ನ ತೂಗುಹಾಕೋ ದಿನ ನಾನು ಇರಬಾರದು, ಮಿಸ್ ಹೆಸ್ಟರ್. ಅಷ್ಟು ಮಾತ್ರ ನಡೆಸಿಕೊಡಿ."